ಬಣ್ಣದಡಿಯ ಹಳದಿ

ಇಸವಿ 2219, ಎರಡನೆಯ ಆಷಾಢದ ಇಪ್ಪತ್ತೆಂಟನೆಯ ದಿನ
ತೇಲುರಂಗ, ಗದಗದ ಆಕಾಶ

ಕಾಲದ ಆಚೆ ದಡದಲ್ಲಿ ಕುಳಿತ ಹಿರಿಯರೇ, ಕೇಳಿರಿ! ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಭೀಮನಾಗಿ ಅಬ್ಬರಿಸಿದ ಗಂಟಲಿದು, ಪಿಸುಗುಡಲು ಕಲಿತೇ ಇಲ್ಲ. ನಾನು ಬಸವಂತ, ಊರಿಂದೂರಿಗೆ ಗಾಳಿಯಲ್ಲಿ ಸಾಗುವ ನಾಟಕ ಕಂಪನಿಯ ನಟ. ನಮ್ಮ ದ್ರೌಪದಿಯಾಗಿದ್ದವಳು ನನ್ನ ಒಡಹುಟ್ಟಿದ ಅಕ್ಕ ಶಾಕಾಂಬರಿ.

ನಮ್ಮ ಬೀದಿಬೀದಿಗೂ ‘ಮೈಗನ್ನಡಿ’ ಇದೆ. ಎದುರು ನಿಂತರೆ ಸಾಕು, ಒಳಗಿನ ರೋಗವನ್ನು ಬಯಲಿಗೆಳೆಯುವ ಬೆಳಕಿನ ಗೋಡೆ ಅದು. ಹಾಲು ತರಲು ಹೋದವರೂ ಒಮ್ಮೆ ನಿಂತು ಬರುತ್ತಾರೆ. ನಟರು ಮಾತ್ರ ಕ್ಯಾಂಪು, ಅಂದರೆ ಒಂದೂರಿನ ಆಟಗಳೆಲ್ಲ, ಮುಗಿಯುವವರೆಗೆ ಅದರ ಮುಂದೆ ಹಾಯುವುದಿಲ್ಲ. ಒಳಗು ಕಂಡರೆ ಪಾತ್ರ ಮೈಬಿಟ್ಟು ಹೋಗುತ್ತದೆಂಬುದು ನಮ್ಮ ನಂಬಿಕೆ.

ಅಂಥದೊಂದು ಕ್ಯಾಂಪಿನಲ್ಲಿ ಅಕ್ಕ ಮೈಯೆಲ್ಲ ತುರಿಸಿಕೊಳ್ಳತೊಡಗಿದಳು. ಬಣ್ಣದ ದೋಷವೆಂದುಕೊಂಡು ಅರ್ದಾಳವನ್ನು, ಮುಖಕ್ಕೆ ಬಳಿಯುವ ಹಳದಿ ಪುಡಿಯನ್ನು, ಬದಲಿಸಿದೆವು.

“ಅಕ್ಕಾ, ಕಣ್ಣು ಹಳದಿ ಆಗ್ಯಾವಲ್ಲ?” ಎಂದೆ.

“ಮಾರಿ ತುಂಬ ಹಳದಿ ಬಳಕೊಂಡೀನಿ, ಕಣ್ಣಷ್ಟ ಬೆಳ್ಳಗ ಇರಬೇಕೇನೋ ಭೀಮಣ್ಣಾ? ಹೋಗು, ನಿನ್ನ ಗದೆ ಹುಡುಕ್ಕೋ!” ಎಂದು ಎಲ್ಲರನ್ನೂ ನಗಿಸಿದಳು.

ಕ್ಯಾಂಪು ಮುಗಿದ ಮೇಲೆ ಮೈಗನ್ನಡಿ ಹೇಳಿತು: ಪಿತ್ತನಾಳದ ಕ್ಯಾನ್ಸರ್! ಕತ್ತರಿಸಿ ತೆಗೆಯಲಾಗದ ಜಾಗ. ಇಡೀ ಯಕೃತ್ತನ್ನೇ, ನೀವು ಲಿವರ್ ಎನ್ನುತ್ತೀರಲ್ಲ, ಅದನ್ನೇ ಬದಲಿಸಬೇಕು. ಅದೂ ರೋಗ ಹೊರಗೆ ಹರಡಿರದಿದ್ದರೆ ಮಾತ್ರ. ಒಡಹುಟ್ಟಿದವರ ಯಕೃತ್ತಿನಿಂದ ತೆಗೆದ ‘ಬೀಜತುಂಡು’, ಅಂಗೈಯಗಲದ ಚೂರು, ನಮ್ಮ ಕಾಲದಲ್ಲಿ ವಾರದೊಳಗೆ ಇಡಿಯಾಗಿ ಬೆಳೆಯುತ್ತದೆ. ನಾನು ಕೊಡುತ್ತೇನೆಂದು ಎದೆ ತಟ್ಟಿಕೊಂಡೆ. ಔಷಧ, ಕಿರಣಚಿಕಿತ್ಸೆ ಎಲ್ಲ ಮುಗಿಸಿ ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿದರು. ಮೊದಲು ಅವಳ ಹೊಟ್ಟೆ ತೆರೆದು ನೋಡುವುದು, ರೋಗ ಹರಡಿಲ್ಲವೆಂದು ಕಂಡರೆ ಆಮೇಲೆ ನನ್ನದು.

ಎಚ್ಚರವಾದೊಡನೆ ಹೊಟ್ಟೆ ಮುಟ್ಟಿಕೊಂಡೆ. ಗಾಯವಿಲ್ಲ! ಹೊಲಿಗೆಯಿಲ್ಲ! ಮೈಗನ್ನಡಿಗೂ ಕಾಣದಷ್ಟು ಸಣ್ಣ ಗಂಟುಗಳು ಯಕೃತ್ತಿನಾಚೆಗೂ ಹರಡಿದ್ದವಂತೆ. ವೈದ್ಯರು ಅವಳ ಹೊಟ್ಟೆಯನ್ನು ಹಾಗೆಯೇ ಹೊಲಿದುಬಿಟ್ಟಿದ್ದರು.

ಹಿರಿಯರೇ, ಕೈಮುಗಿದು ಬೇಡುತ್ತೇನೆ. ನಿಮ್ಮವರ ಕಣ್ಣು ಹಳದಿಯಾಗಿ ಮೈ ಕಡಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಯಾವ ಕೆಲಸವೂ ಯಾರಿಗಾಗಿಯೂ ನಿಲ್ಲುವುದಿಲ್ಲ. ಈಗ ಬೇರೊಬ್ಬಳು ದ್ರೌಪದಿಯಾಗಿದ್ದಾಳೆ, ಚೆನ್ನಾಗಿಯೇ ಮಾಡುತ್ತಾಳೆ. ಅಕ್ಕ ಮಾತ್ರ ಇಲ್ಲ.

ಹೊಟ್ಟೆ ಹೊಲಿದ ಆ ದಿನ ಆಸ್ಪತ್ರೆಯ ಮಂಚದ ಮೇಲೆ ಅವಳು ಕಣ್ಣು ತೆರೆದಾಗ ನಾನು ಪಕ್ಕದಲ್ಲೇ ಕುಳಿತಿದ್ದೆ.

“ಆಗಲೇ ಎದ್ದು ಕುಂತೀಯಲ್ಲೋ ತಮ್ಮಾ! ಭಾಳ ನೋವಾತೇನು?”

ಸಾವಿರ ಜನರ ಎದುರು ತಡವರಿಸದ ನಾನು ಅವಳ ಹೊದಿಕೆಯ ಅಂಚು ಹಿಡಿದು ತಡವರಿಸಿದೆ.

“ಇಲ್ಲಬೇ ಅಕ್ಕಾ... ಒಂದೀಟೂ ನೋವಾಗಲಿಲ್ಲ.”

ಅವಳು ಪಟ್ಟಿಯಿಲ್ಲದ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಗೋಡೆಯ ಕಡೆ ಹೊರಳಿದಳು.