ನಗುವುದಕ್ಕೆ ನಾಲ್ಕು ನಿಮಿಷ

ಪಠ್ಯಕ್ರಮ ಸಮಿತಿಯ ಅಧ್ಯಕ್ಷರಿಗೆ ನಮಸ್ಕಾರ.

ಸರ್, ಮೂರನೇ ತರಗತಿಯ ‘ತೂಕ’ ಘಟಕವನ್ನು ಆರನೇ ಸಲ ತಿದ್ದಿ ಕಳಿಸುತ್ತಿದ್ದೇನೆ. ಮತ್ತೆ ವಾಪಸ್ ಬಂದರೆ ನೀವೇ ತಿದ್ದಿಕೊಳ್ಳಿ.

ಅದರಲ್ಲಿರುವ ಇಟ್ಟಿಗೆ ಮತ್ತು ದಿಂಬಿನ ಚಟುವಟಿಕೆ ನನ್ನದಲ್ಲ. ಟೀಚರಾಗಿರುವ ನನ್ನಕ್ಕನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಂಡದ್ದು. ದಿಂಬು ದೊಡ್ಡದು, ಅದೇ ಭಾರ ಎಂದು ಮಕ್ಕಳೆಲ್ಲ ಕೂಗಿದರು. ಆಮೇಲೆ ಒಬ್ಬೊಬ್ಬರೇ ಎತ್ತಿ ನೋಡಿ ಬಿದ್ದು ಬಿದ್ದು ನಕ್ಕರು. ಹದಿನೈದು ನಿಮಿಷ ಹಿಡಿಯಿತು, ಹಾಗೇ ಬರೆದೆ. ಸಮಿತಿ ಅದನ್ನು ನಾಲ್ಕು ನಿಮಿಷಕ್ಕೆ ಇಳಿಸಿ, ‘ಇಲ್ಲಿ ಮಕ್ಕಳು ನಗುತ್ತಾರೆ’ ಎಂಬ ನನ್ನ ಸಾಲನ್ನು ಮಾತ್ರ ಉಳಿಸಿ, ಶಿಕ್ಷಕರ ಪ್ರಾಯೋಗಿಕ ಕೈಪಿಡಿಯಲ್ಲಿ ಸೇರಿಸಿ ಶಾಲೆಗಳಿಗೆ ಹಂಚಿತು.

ಹೋದ ವಾರ ತಪಾಸಣೆಗೆ ಬಂದವರು ಅಕ್ಕನಿಗೇ ನೋಟಿಸ್ ಕೊಟ್ಟಿದ್ದಾರೆ. ಕೈಪಿಡಿಯಂತೆ ಪಾಠ ಮಾಡಿಲ್ಲವಂತೆ, ಹನ್ನೊಂದು ನಿಮಿಷ ಹೆಚ್ಚಾಯಿತಂತೆ. ಜವಾಬು ಬರೆ ಎಂದರೆ, “ಹೋಗ್ಲಿ ಬಿಡೇ, ಇನ್ಮೇಲೆ ನೀನು ಬರೆದಿರೋ ಹಾಗೇ ಮಾಡ್ತೀನಿ” ಅಂದಳು. ನನಗೆ ಮುಖ ಎತ್ತಲಾಗಲಿಲ್ಲ.

ದಯವಿಟ್ಟು ನೋಟಿಸ್ ವಾಪಸ್ ತೆಗೆದುಕೊಳ್ಳಿ, ಹದಿನೈದು ನಿಮಿಷ ಕೊಡಿ. ಅದಾಗದಿದ್ದರೆ ಆ ಸಾಲನ್ನಾದರೂ ಹೊಡೆದುಹಾಕಿ. ನಿನ್ನೆ ಮತ್ತೆ ಅದೇ ಬೆಂಚಿನಲ್ಲಿ ಕೂತಿದ್ದೆ. ಅಕ್ಕ ಕೈಪಿಡಿ ಹಿಡಿದು, ಗಡಿಯಾರ ನೋಡಿಕೊಂಡು, ಸರಿಯಾಗಿ ನಾಲ್ಕು ನಿಮಿಷದಲ್ಲಿ ಮುಗಿಸಿದಳು. ದಿಂಬನ್ನು ಯಾರೂ ಮುಟ್ಟಲಿಲ್ಲ. ‘ಇಲ್ಲಿ ಮಕ್ಕಳು ನಗುತ್ತಾರೆ’ ಎಂಬುದನ್ನೂ ಗಟ್ಟಿಯಾಗಿ ಓದಿದಳು. ಮಕ್ಕಳು ತುಟಿ ಪಿಟಕ್ಕೆನ್ನದೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಇತಿ,
ಆ ಸಾಲು ಬರೆದವಳು