ಒಂಬತ್ತನೆಯ ಹೋಟೆಲು

ಅಮ್ಮಾ,

ತಮ್ಮ ಸಿಕ್ಕಿದ. ಯಾವುದೋ ಹೋಟೆಲಿನಲ್ಲಿ ಅಡುಗೆಗೆ ಸೇರಿದ್ದಾನೆ ಅಂತಷ್ಟೇ ಗೊತ್ತಿತ್ತಲ್ಲ. ನಾಲ್ಕು ದಿನ ಕಂಡ ಕಂಡಲ್ಲೆಲ್ಲ ಉಂಡು, ಕೈತೊಳೆಯುವ ನೆಪದಲ್ಲಿ ಅಡುಗೆಮನೆಗೆ ಇಣುಕಿದೆ. ಹೊಟ್ಟೆ ಕೆಟ್ಟಿದೆ, ಕಾಲು ಸೋತಿದೆ.

ಇವತ್ತು ಮಧ್ಯಾಹ್ನ ಒಂಬತ್ತನೆಯದರಲ್ಲಿ ಅವನೇ ತಟ್ಟೆ ಹಿಡಿದು ಹೊರಗೆ ಬಂದ. ತುಂಬ ಇಳಿದುಹೋಗಿದ್ದಾನೆ. "ಮೊದಲು ಊಟ ಮಾಡಣ್ಣ, ಆಮೇಲೆ ಬೈಯಿ" ಅಂದ. ಹೊಟ್ಟೆಯಲ್ಲಿ ಒಂದು ತುತ್ತಿಗೂ ಜಾಗವಿರಲಿಲ್ಲ, ಆದರೂ ಪೂರ್ತಿ ಉಂಡೆ.

"ಅಪ್ಪ ಕಳಿಸಿದ್ರಾ?" ಅಂತ ಕೇಳಿದ. ಹೂಂ ಅಂದುಬಿಟ್ಟೆ. ಅವನು ಆಚೆ ತಿರುಗಿ ಬಹಳ ಹೊತ್ತು ಮೇಜು ಒರೆಸಿದ.

ಮನೆಬಿಟ್ಟು ಹೋಗು ಅಂದವರು ಅಪ್ಪನೇ ತಾನೆ. ಹೇಗಾದರೂ ಮಾಡಿ ಅವರ ಕೈಯಿಂದ ಎರಡು ಸಾಲು ಬರೆಸಿ ಕಳಿಸಮ್ಮ. ಅದು ಬರುವವರೆಗೆ ಇಲ್ಲೇ ಇರುತ್ತೇನೆ.

ಇಂತಿ,
ನಿನ್ನ ದೊಡ್ಡವನು