ಕೈ ಬಿಡುವ ಮಾತು

ಅಕ್ಟೋಬರ್ ೧೪, ಮಂಗಳವಾರ
ಆಸ್ಪತ್ರೆಯ ವರಾಂಡ

ಪ್ರೀತಿಯ ತಂಗೀ,

ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಪತ್ರಗಳಿಗೆ ಉತ್ತರ ಬರೆಯದ ಅಣ್ಣನನ್ನು ನೀನು ಚೆನ್ನಾಗಿ ಬೈದಿರಬೇಕು. ಇಲ್ಲಿ ನನಗೆ ಬಿಕ್ಕಳಿಕೆ ನಿಂತೇ ಇಲ್ಲ. ‘ಅತ್ತಿಗೆ ಬಿದ್ದಿದ್ದಾಳೆ, ಗಾಬರಿ ಬೇಡ’ ಎಂದು ಎರಡು ಸಾಲು ಕಳಿಸಿ ಕೈತೊಳೆದುಕೊಂಡಿದ್ದೆ. ಗಾಬರಿಪಡಬೇಕಾದ ಭಾಗವನ್ನು ಈಗ ಬರೆಯುತ್ತಿದ್ದೇನೆ.

ನಿನ್ನ ಅತ್ತಿಗೆ ಬದುಕಿದ್ದಾಳೆ. ಸೊಂಟದಿಂದ ಕೆಳಗೆ ಏನೂ ಗೊತ್ತಾಗುತ್ತಿಲ್ಲ. ಡಾಕ್ಟರು ಹೆಬ್ಬೆರಳಿಗೆ ಸೂಜಿ ಚುಚ್ಚಿ, “ಗೊತ್ತಾಗ್ತಿದೆಯಾ ಅಮ್ಮಾ?” ಎಂದು ಕೇಳಿದರೆ ಇವಳು, “ಎಲ್ಲಿ ಚುಚ್ತಿದ್ದೀರಿ ಅಂತ ಮೊದ್ಲೇ ಹೇಳಿ ಡಾಕ್ಟ್ರೇ, ಅದಕ್ಕೆ ತಕ್ಕ ಹಾಗೆ ಮುಖ ಮಾಡ್ತೀನಿ” ಅಂದಳು. ಡಾಕ್ಟರು ನಗಲಿಲ್ಲ. ನಗದ ಡಾಕ್ಟರನ್ನು ಕಂಡರೆ ನನಗೆ ಕಾಲು ನಡುಗುತ್ತದೆ. ಈಗ ಮನೆಯಲ್ಲಿ ನಡುಗುವ ಕಾಲು ಇರುವುದು ನನಗೊಬ್ಬನಿಗೇ.

ನಮ್ಮ ಕಸುಬು ನಿನಗೆ ಗೊತ್ತಿದ್ದೂ ಗೊತ್ತಿಲ್ಲ. ಇಂಗ್ಲಿಷ್ ಎಂ.ಎ. ಮಾಡಿದವರೆಲ್ಲ ಸಂಸಾರವೆಂಬ ಸರ್ಕಸ್ ಮಾಡುತ್ತಾರೆ. ನಾನು ಸರ್ಕಸ್ಸಿನಲ್ಲೇ ಸಂಸಾರ ಹೂಡಿದೆ. ಇವಳು ಮೇಲೆ ಜೋಕಾಲಿಯಲ್ಲಿ, ಅವಳನ್ನು ಹಿಡಿಯಲು ಎದುರು ಜೋಕಾಲಿಯಲ್ಲಿ ತಲೆಕೆಳಗಾಗಿ ಅವಳ ತಮ್ಮ, ನೆಲದ ಮೇಲೆ ಮೈಕ್ ಹಿಡಿದ ನಾನು. ಕೆಳಗೆ ಬಲೆ, ಸುತ್ತ ಭಲೆ!

ನಾನು ಇಂಗ್ಲಿಷಿನಲ್ಲಿ ಹೊಗಳುತ್ತೇನೆಂದು ಜನ ತಿಳಿಯುತ್ತಾರೆ. ನಿಜಕ್ಕೂ ಅದು ಹೊಗಳಿಕೆಯಲ್ಲ, ತಾಳ. ‘ಗ್ರೇಸ್‌ಫುಲ್’ ಎಂದರೆ ಇವಳು ಹಲಗೆ ಬಿಟ್ಟು ತೂಗಬೇಕು. ‘ಅಜೈಲ್’ ಎಂದರೆ ಮಂಡಿ ಮಡಚಬೇಕು. ‘ನಿಂಬಲ್’ ಎಂದರೆ ಕೈ ಬಿಡಬೇಕು. ಗಾಳಿಯಲ್ಲಿ ತಿರುಗುವವಳಿಗೆ ತಮ್ಮನ ಕೈ ಕಾಣುವುದಿಲ್ಲ. ನನ್ನ ದನಿ ಹೇಳಿದಾಗ ಅದು ಅಲ್ಲಿರುತ್ತದೆ, ಅಷ್ಟೇ. ಇಬ್ಬರಿಗೂ ಇಂಗ್ಲಿಷ್ ಬಾರದು. ಅಜೈಲ್ ಅಂದರೆ ಜೈಲಿಲ್ಲದವನು, ನಿಂಬಲ್ ಅಂದರೆ ನಿಂಬೆಯ ನೆಂಟ ಎಂದು ಮದುವೆಯಾದ ಹೊಸದರಲ್ಲಿ ನಾನೇ ಪಾಠ ಹೇಳಿಕೊಟ್ಟಿದ್ದೆ. ಇಂದಿಗೂ ಹಾಗೇ ನಂಬಿದ್ದಾರೆ.

ನಿನ್ನ ಮನೆಯಲ್ಲಿದ್ದು ಓದುವ ನಮ್ಮ ಮಗಳಿಗೆ ಇದೆಲ್ಲ ಹಳಸಲು ಎನಿಸಿತು. “ಅಪ್ಪಾ, ನಾನು ಹುಟ್ಟೋಕ್ಕೆ ಮುಂಚಿಂದ ಅದೇ ಮೂರು ಪದ ಸವೆಸ್ತಿದ್ದೀರಿ. ಮೈ ಚುರುಕಿಗೆ, ಒಯ್ಯಾರಕ್ಕೆ ಇಂಗ್ಲಿಷಲ್ಲಿ ಪದಗಳಿಗೆ ಬರ ಬಂದಿದ್ಯಾ?” ಎಂದು ಬರೆದು ಸಪಲ್, ಲಿಂಬರ್, ಲೈದ್ ಎಲ್ಲ ಕಳಿಸಿದಳು. ಗುಡಾರದಲ್ಲಿ ಗಟ್ಟಿಯಾಗಿ ಓದಿದೆ. “ಸಪಲ್ ಸಪ್ಪೆ, ಬೇಡ ಭಾವ. ಲಿಂಬರ್ ಮತ್ತೆ ಲಿಂಬೆಹಣ್ಣೇ. ಲೈದ್ ಅಂದ್ರೇನು, ಲೈಟ್ ಹೋಯ್ತಾ?” ಎಂದ ನಿನ್ನ ಅತ್ತಿಗೆಯ ತಮ್ಮ.

ಇವಳು ನಗಲಿಲ್ಲ. “ಇದ್ರಲ್ಲಿ ಒಳ್ಳೇದು ಯಾವ್ದು?” ಎಂದಳು.

“ಲೈದ್. ಬಳುಕುತ್ತೆ, ಮುರಿಯಲ್ಲ.”

“ಹಾಗಾದ್ರೆ ಕೈ ಬಿಡೋ ಕಡೆ ಅದನ್ನೇ ಹೇಳಿ. ಮಗಳು ಕಳ್ಸಿದ ಮಾತು ಮೂಲೇಲಿ ಯಾಕೆ ಕೊಳೀಬೇಕು?”

ಬೆಳಿಗ್ಗೆ ಅಭ್ಯಾಸ ಮಾಡಿದೆವು. ಹೂವು ಎತ್ತಿದಷ್ಟು ಸಲೀಸಾಗಿ ಆಯಿತು. ಸಂಜೆಯ ಆಟದಲ್ಲಿ ಬಿದ್ದಳು. ಬಲೆಯ ಅಂಚಿಗೆ ಬಿದ್ದು, ಅಲ್ಲಿಂದ ಪುಟಿದು ಕಬ್ಬಿಣದ ಕಂಬಕ್ಕೆ ಬೆನ್ನು ಬಡಿಯಿತು. ಅದೂ ಆಟವೇ ಎಂದುಕೊಂಡು ಜನ ಚಪ್ಪಾಳೆ ತಟ್ಟುತ್ತಲೇ ಇದ್ದರು. ಕೈ ಬೆವರಿತ್ತು ಎಂದು ಮ್ಯಾನೇಜರಿಗೂ ಡಾಕ್ಟರಿಗೂ ಇವಳೇ ಹೇಳಿದ್ದಾಳೆ.

ಈಗ ಮಗಳ ಇನ್ನೊಂದು ಕಾಗದ ಬಂದಿದೆ. “ಅಮ್ಮನ ಜೋಕಾಲಿ ಖಾಲಿ ಬಿಡ್ಬೇಡಿ. ಪರೀಕ್ಷೆ ಎಲ್ಲಿಗೂ ಓಡಿಹೋಗಲ್ಲ. ನಾನೇ ಬರ್ತೀನಿ. ನೀವು ನನ್ನ ಪದ ಹೇಳಿ, ಮಾವ ಹಿಡ್ಕೋತಾರೆ.” ಅವಳು ಬರುವವಳೇ. ನಡೆಯುವ ಮೊದಲೇ ತೂಗಲು ಕಲಿತ ಹುಡುಗಿ. ಮ್ಯಾನೇಜರಿಗಂತೂ ಹಬ್ಬ: “ತಾಯಿ ಥರಾನೇ ಮುಖ. ಪೋಸ್ಟರ್ ಕೂಡ ಬದಲಾಯಿಸೋದು ಬೇಡ!” ಅಂದ. ಅವನ ಕಪಾಳಕ್ಕೆ ಬಿಗಿಯಬೇಕಿತ್ತು. ಆಸ್ಪತ್ರೆಯ ಬಿಲ್ಲಿಗೆ ಸಹಿ ಹಾಕುವವನು ಅವನೇ ಎಂದು ನೆನಪಾಗಿ ನನ್ನ ಕಪಾಳವನ್ನೇ ಕೆರೆದುಕೊಂಡೆ.

ಆದ್ದರಿಂದ ತಂಗೀ, ಒಂದು ಉಪಕಾರ ಮಾಡು. ಅಪ್ಪನ ಗಂಟಲು ಕೆಟ್ಟಿದೆ, ಇನ್ನು ಮೈಕ್ ಹಿಡಿಯುವಂತಿಲ್ಲ ಎಂದು ಅವಳಿಗೆ ಹೇಳು. ನನ್ನ ದನಿ ಇಲ್ಲದೆ ಅವಳ ಮಾವ ಯಾರನ್ನೂ ಹಿಡಿಯಲು ಒಪ್ಪುವುದಿಲ್ಲ. ಅದು ಅವಳಿಗೂ ಗೊತ್ತು. ದನಿ ಇಲ್ಲವೆಂದರೆ ಜೋಕಾಲಿಯೂ ಇಲ್ಲ, ಅವಳು ನಿನ್ನ ಮನೆಯಲ್ಲೇ ಕೂತು ಪರೀಕ್ಷೆ ಬರೆಯುತ್ತಾಳೆ. ಹುಟ್ಟಿದಾಗಿನಿಂದ ಬಾಯಿ ಮುಚ್ಚದವನ ಗಂಟಲು ಕೆಟ್ಟಿತೆಂದರೆ ನಂಬುವಳೇ ಎನ್ನುತ್ತೀಯ. ಅಷ್ಟು ಮಾತಾಡಿದ ಮೇಲೆ ಕೆಡದೆ ಇದ್ದೀತೇ ಎನ್ನು. ಸುಳ್ಳಿನ ಪಾಪ ನನ್ನ ತಲೆಗಿರಲಿ.

ನಿಮ್ಮೆಲ್ಲರ ಕಾಲು ಸದಾ ನೆಲದ ಮೇಲಿರಲಿ, ಮಗಳ ಕಾಲಂತೂ ಎರಡೆರಡು ಸಲ. ಅವಳ ತಲೆಯ ಮೇಲೆ ನನ್ನ ಪರವಾಗಿ ಕೈ ಇಡು.

ನಿನ್ನ ಬಾಯಿಬಡುಕ
ಅಣ್ಣ

ತಾ.ಕ.: ಇಷ್ಟು ಓದಿ ಕಾಗದವನ್ನು ಒಲೆಗೆ ಹಾಕು. ನಿನ್ನ ಅತ್ತಿಗೆಯ ಕೈ ಬೆವರಿರಲಿಲ್ಲ. ‘ನಿಂಬಲ್’ ಅನ್ನು ನಾನು ‘ನಿಂ...’ ಎಂದು ಎಳೆದು, ಆಮೇಲೆ ‘ಬಲ್’ ಎನ್ನುತ್ತಿದ್ದೆ. ಆ ಎಳೆತದಲ್ಲಿ ತಮ್ಮನ ಜೋಕಾಲಿ ಹತ್ತಿರ ಬರುತ್ತಿತ್ತು. ಲೈದ್ ಒಂದೇ ಏಟಿನ ಪದ. ಬೆಳಿಗ್ಗೆ ನಿಧಾನವಾಗಿ ಹೇಳಿದ್ದೆ, ಸಂಜೆ ಚಪ್ಪಾಳೆಯ ಅಮಲಿನಲ್ಲಿ ಪಟ್ಟೆಂದು ಅಂದುಬಿಟ್ಟೆ. ಮಾತು ಕೇಳಿದೊಡನೆ ಅವಳು ಕೈ ಬಿಟ್ಟಳು. ತಮ್ಮನ ಕೈ ಇನ್ನೂ ಬರುತ್ತಿತ್ತು.

ಕಂಬದ ಬುಡದಲ್ಲಿ ಬಿದ್ದವಳ ಬಾಯಿಂದ ಮೊದಲು ಬಂದ ಮಾತು: “ಪದದ ವಿಷ್ಯ ಮಗೂಗೆ ಬೇಡ. ಕೈ ಬೆವರಿತ್ತು ಅನ್ನಿ.” ಕಾಲು ಹೋಗಿದೆ ಎಂದು ಅವಳಿಗೆ ಗೊತ್ತಾದದ್ದು ಆಮೇಲೆ.

ಗಂಟಲಿನ ಮಾತು ನಾನು ಹೆಣೆದ ಸುಳ್ಳು ಎಂದುಕೊಂಡಿದ್ದೆ. ಮೇಲಿನದನ್ನು ಬರೆದಿಟ್ಟು ಇವತ್ತು ಮಧ್ಯಾಹ್ನ ಡೇರೆಗೆ ಹೋದೆ. ಭಾವಮೈದ ಒಬ್ಬನೇ ಮೇಲೆ ತಲೆಕೆಳಗಾಗಿ ತೂಗುತ್ತಿದ್ದ. ನನ್ನನ್ನು ಕಂಡು ಎರಡೂ ಕೈ ಚಾಚಿದ. “ಒಂದ್ಸಲ ಹೇಳಿ ಭಾವ, ಹಳೇ ಪದಾನೇ” ಎಂದ. ಬಾಯಿ ತೆರೆದೆ. ಯಾವ ಪದವೂ ಬರಲಿಲ್ಲ. ಅವನು ಕೈ ಚಾಚಿಕೊಂಡೇ ತೂಗಿದ, ತೂಗುತ್ತ ತೂಗುತ್ತ ಜೋಕಾಲಿ ತಾನಾಗಿ ನಿಂತಿತು.